ಎಂಬತ್ತರ ವೇಗದಲ್ಲಿ ಐರಣಿ ಮಡಕೆ

ಕುಂಬಾರ ಓಣಿಯ ಗೂಡ್ಸ್ ಆಟೋದವನೊಬ್ಬನಿಗೆ ಅತಿವೇಗದ ನೋಟಿಸು ಬಂತು. ಗಂಟೆಗೆ ಎಂಬತ್ತು ಕಿಲೋಮೀಟರಂತೆ! ತಪ್ಪು ಸಾಬೀತಾದರೆ ಲೈಸೆನ್ಸ್ ರದ್ದು, ಮನೆಯ ಒಲೆ ಆರಿದ ಹಾಗೆ. ಅವನು ಕೋರ್ಟಿಗೇ ಹೋದ.

"ವೇಗ ಅಳೆಯೋ ಯಂತ್ರ ಸುಳ್ಳು ಹೇಳಲ್ಲ, ನಾನೂ ಹೇಳಲ್ಲ," ಎಂದು ನೋಟಿಸು ಕೊಟ್ಟ ಇನ್‌ಸ್ಪೆಕ್ಟರ್ ಬಸವಂತಪ್ಪ ಮೀಸೆ ತೀಡಿದರು.

ಆಟೋದವನು ಮ್ಯಾಜಿಸ್ಟ್ರೇಟರಿಗೆ ಕೈ ಮುಗಿದ. "ಸ್ವಾಮಿ, ಅವತ್ತು ಗಾಡೀಲಿದ್ದದ್ದು ಮದುವೆ ಪೂಜೆಯ ಐರಣಿ ಮಡಕೆ. ಒಂದು ಬಿರುಕು ಬಿಟ್ಟರೂ ಅಪಶಕುನ ಅಂತ ಬೀಗರು ಎದ್ದು ಹೋಗ್ತಾರೆ. ಇವತ್ತೂ ಒಂದಷ್ಟು ತಂದಿದೀನಿ. ಅದೇ ರಸ್ತೇಲಿ, ಅದೇ ಎಂಬತ್ತರಲ್ಲಿ, ಸಾಹೇಬ್ರು ಜೀಪಲ್ಲಿ ಮದುವೆ ಮನೆಗೆ ಮುಟ್ಟಿಸಿ ಬರಲಿ. ಒಂದೂ ಬಿರುಕು ಬಿಡದೆ ಮುಟ್ಟಿದ್ರೆ ಲೈಸೆನ್ಸ್ ನಾನೇ ಇಲ್ಲಿಟ್ಟು ಹೋಗ್ತೀನಿ."

"ಅದೇನು ಮಹಾ!" ಎಂದರು ಇನ್‌ಸ್ಪೆಕ್ಟರ್. ಮ್ಯಾಜಿಸ್ಟ್ರೇಟರು ನಕ್ಕು ಒಪ್ಪಿದರು.

ದಾರಿ ಮೂರೇ ಮೈಲಿ. ಹನ್ನೊಂದಕ್ಕೆ ಹೊರಟ ಇನ್‌ಸ್ಪೆಕ್ಟರ್ ಊಟದ ಹೊತ್ತಿಗೆ ಬಂದರು. ಖಾಕಿ ಪ್ಯಾಂಟಿನ ತೊಡೆಯ ಮೇಲೆಲ್ಲ ಮಡಕೆಗೆ ಬಳಿದ ಸುಣ್ಣ.

"ಯಾಕ್ರೀ ಇಷ್ಟು ತಡ?" ಎಂದರು ಮ್ಯಾಜಿಸ್ಟ್ರೇಟರು.

ಇನ್‌ಸ್ಪೆಕ್ಟರ್ ಸಿಡುಕಿದರು. "ಮದುವೆ ಮಡಕೆ ಸ್ವಾಮಿ! ತೊಡೆ ಮೇಲಿಟ್ಕೊಂಡು, ದಾರಿಯುದ್ದಕ್ಕೂ 'ನಿಧಾನ, ನಿಧಾನ' ಅಂತ ಡ್ರೈವರ್‌ಗೆ ಹೇಳ್ತಾ ಹೋದೆ. ಅದನ್ನಿಟ್ಕೊಂಡು ಯಾರಾದ್ರೂ ಜೋರಾಗಿ ಓಡಿಸ್ತಾರಾ?"

ಮ್ಯಾಜಿಸ್ಟ್ರೇಟರು ಪೆನ್ನು ತೆಗೆದರು.

"ಇದನ್ನೇ ಬರ್ಕೊಳ್ತೀನಿ. ಆಟೋದವನ ಪರ ಮೊದಲ ಸಾಕ್ಷಿ, ಇನ್‌ಸ್ಪೆಕ್ಟರ್ ಬಸವಂತಪ್ಪ."