ಮಂಡಿಯ ಹಿಂದೆ ಗುಳಿ ಬಂದದ್ದು

ಮೊಟ್ಟಮೊದಲ ಮನುಷ್ಯರ ಕಾಲು ತಯಾರಾಗುವಾಗ ಪಕ್ಕದಲ್ಲಿ ನಿಂತು, "ಇಲ್ಲೊಂದು ಚೂರು ಬಗ್ಗಿಸಿ" ಅಂತ ಸಲಹೆ ಕೊಟ್ಟವನು ನಾನೇ. ಸುಳ್ಳು. ಆಗ ನಾನು ಹುಟ್ಟಿರಲಿಲ್ಲ. ನಮ್ಮ ತಾತ ಇದ್ದರು. ಅದೂ ಸುಳ್ಳೇ. ಆದರೆ ಈ ಕಥೆಯಲ್ಲಿ ಮಾತ್ರ ಸುಳ್ಳು ಬಹಳ ಕಡಿಮೆ ಕೂಸೇ, ಕೇಳು.

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಸರಿಯಾಗಿ ಕೂತಿರಲಿಲ್ಲ. ಮನುಷ್ಯರೂ ಕೂತಿರಲಿಲ್ಲ. ಹೇಗೆ ಕೂರುತ್ತಾರೆ? ಅವರ ಕಾಲು ಸೊಂಟದಿಂದ ಹಿಮ್ಮಡಿಯವರೆಗೆ ಒಂದೇ ಕಂಬ! ನಿಂತೇ ಉಣ್ಣುತ್ತಿದ್ದರು, ನಿಂತೇ ಹರಟುತ್ತಿದ್ದರು, ಮರಕ್ಕೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದರು.

ಅವರಲ್ಲಿ ಕೆಂಪಾಜಿ ಎಂಬ ಹೆಂಗಸಿಗೆ ಒಂದು ಮಗು ಹುಟ್ಟಿತು. ಲೋಕದ ಮೊದಲ ಮಗು. ಅದು ಅತ್ತಿತು. ಎದೆಗೊತ್ತಿಕೊಂಡರೂ ಅತ್ತಿತು, ಹೆಗಲಿಗೆ ಹಾಕಿಕೊಂಡರೂ ಅತ್ತಿತು. ನೆಲದ ಮೇಲೆ ಮಲಗಿಸೋಣವೆಂದರೆ ಹಸಿ ಮಣ್ಣಿನ ಚಳಿ. ಏಳು ದಿನ ಮಗು ಕಣ್ಣು ಮುಚ್ಚಲಿಲ್ಲ. ಕೆಂಪಾಜಿಯ ತೋಳು ಸೋತು ನಡುಗತೊಡಗಿದವು. ಇನ್ನೊಂದು ದಿನ ಹೀಗೇ ಹೋದರೆ ಮಗು ಕೈಜಾರುವುದು ಖಂಡಿತ.

ಅವಳು ಹೊಳೆಯ ಹತ್ತಿರ ಹೋದಳು. "ಹೊಳೆಯವ್ವಾ, ನೀನು ಎಷ್ಟು ಚೆಂದ ಬಗ್ತೀಯ! ನಂಗೂ ಒಂದು ತಿರುವು ಕೊಡವ್ವಾ."

"ಕೊಡ್ತೀನಿ ಮಗಳೇ," ಅಂದಿತು ಹೊಳೆ. "ಆದ್ರೆ ನನ್ನ ತಿರುವು ಇರೋ ಕಡೆ ನಾನೂ ಹರೀಬೇಕು. ದಾರಿಗೆ ಯಾರೂ ಅಡ್ಡ ನಿಲ್ಲಬಾರದು."

ಹಾಗೆಂದು ತನ್ನ ನೂರು ತಿರುವುಗಳಲ್ಲಿ ಎರಡನ್ನು ತೆಗೆದು, ಒಂದೊಂದು ಕಾಲಿಗೆ ಒಂದೊಂದು ಕೂರಿಸಿತು. ತಾನೂ ಬೆಚ್ಚನೆಯ ಕೆಂಪು ಹೊಳೆಯಾಗಿ ಆ ತಿರುವಿನ ಹಿಂದೆ, ಆಳದಲ್ಲಿ ಹರಿಯಿತು.

ಮಂಡಿಯೇನೋ ಬಂತು. ಅದನ್ನು ಹಿಂದಕ್ಕೆ ಎಳೆದು ಮಡಿಸುವವರು ಬೇಕಲ್ಲ? ಆಲದ ಮರದಿಂದ ನೇತಾಡುತ್ತಿದ್ದ ಮೂರು ಬಿಳಲುಗಳು, "ನಾವಿದ್ದೀವಿ ತಂಗೀ!" ಎಂದು ಕೂಗಿದವು. ತೆಳ್ಳಗಿದ್ದವನು ಹುರಿಯಣ್ಣ, ಅಗಲವಾಗಿದ್ದವನು ಪಟ್ಟಿಯಣ್ಣ, ದಪ್ಪಗಿದ್ದವನು ದಪ್ಪಣ್ಣ. ಒಂದು ಕಾಲಿನ ಕಥೆ ಹೇಳುತ್ತೇನೆ, ಇನ್ನೊಂದರದ್ದೂ ಅದೇ ಕಥೆ.

ಮೂವರೂ ನಾವು ಕೂರುವ ಮೂಳೆ ಇದೆಯಲ್ಲ, ಅಲ್ಲಿ ಬೇರುಬಿಟ್ಟು, ತೊಡೆಯ ಹಿಂದೆ ಸರಸರ ಇಳಿದರು. ಮಂಡಿಯ ಹಿಂದೆ ಬಂದರೋ ಇಲ್ಲವೋ, ಜಗಳ ಶುರು.

"ನಡುಮಧ್ಯದ ಜಾಗ ನಂದು," ಅಂದ ಹುರಿಯಣ್ಣ.

"ನಿಂದು ಯಾವಾಗ ಆಯ್ತೋ ಒಣಕಲ? ಅಗಲ ಇರೋನು ನಾನು," ಅಂದ ಪಟ್ಟಿಯಣ್ಣ.

"ಸರೀರೋ ಇಬ್ರೂ!" ಎಂದು ದಪ್ಪಣ್ಣ ಅವರ ಮೇಲೆಯೇ ಬಿದ್ದ.

ಮೂವರೂ ನಡುವೆಯೇ ನುಗ್ಗಿ ಅದುಮಿದರು. ಕೆಳಗಿದ್ದ ಹೊಳೆ, "ಅಯ್ಯೋ, ಕತ್ತು ಹಿಸುಕ್ತಿದ್ದೀರಲ್ರೋ!" ಎಂದು ಕೂಗಿತು. ಕೆಂಪಾಜಿಯ ಪಾದ ತಣ್ಣಗಾಯಿತು. ಬೆರಳು ಮರಗಟ್ಟಿದವು. ಅವಳು ಓಲಾಡಿದಳು, ಮಗು ತೋಳಿನಿಂದ ಅರ್ಧ ಜಾರಿತು.

"ಅಣ್ಣಂದಿರಾ, ನನ್ನ ಕೂಸು!"

ಆ ಕೂಗು ಕೇಳಿ ಮೂವರಿಗೂ ನಾಚಿಕೆಯಾಯಿತು. ಹುರಿಯಣ್ಣ, ಪಟ್ಟಿಯಣ್ಣ ಒಳಗಡೆಗೆ ಸರಿದರು. ದಪ್ಪಣ್ಣ ಹೊರಗಡೆಗೆ ಸರಿದ. ನಡುವೆ ಗುಳಿ ಬಿತ್ತು. ಗುಳಿಯ ಆಳದಲ್ಲಿ ಹೊಳೆ ಉಸ್ಸಪ್ಪಾ ಎಂದು ಹರಿಯಿತು. ಪಾದ ಮತ್ತೆ ಬೆಚ್ಚಗಾಯಿತು.

ದಪ್ಪಣ್ಣ ಮಾತ್ರ ಮುಖ ಊದಿಸಿಕೊಂಡ. "ಆ ಕಡೆ ಇಬ್ರು, ಈ ಕಡೆ ನಾನೊಬ್ನೇ!"

"ಅಳಬೇಡ್ವೋ," ಎಂದು ತೊಡೆಮೂಳೆ ತನ್ನ ಮೈಯಿಂದಲೇ ಒಂದು ಗಿಡ್ಡ ಬಿಳಲನ್ನು ಅವನ ಜೊತೆ ಕಳಿಸಿತು. ಅಂದಿನಿಂದ ದಪ್ಪಣ್ಣನಿಗೆ ತಲೆ ಎರಡು, ಬಾಲ ಒಂದು. ಎಂಥ ಜಾಣ ಕೆಲಸ ನೋಡು! ಒಂದು ಮೊಳೆ ಇಲ್ಲ, ಒಂದು ತಿರುಪು ಇಲ್ಲ, ಇಷ್ಟು ವರ್ಷವಾದರೂ ಸಡಿಲವಾಗಿಲ್ಲ.

ಎಲ್ಲ ಸರಿಹೋಯಿತು. ಆದರೆ ಕೆಂಪಾಜಿ ಕೂರಲೇ ಇಲ್ಲ. ತಯಾರಾದಾಗಿನಿಂದ ನಿಂತೇ ಇದ್ದವಳು. ಕೈಯಲ್ಲಿ ಮಗು. ಬಿದ್ದರೆ?

"ನಾವು ಹಿಡ್ಕೊಂಡಿದ್ದೀವಿ, ಬಗ್ಗು ತಂಗೀ."

"ಹೆದರಿಕೆ ಆಗುತ್ತಣ್ಣಾ."

ಗಾಳಿಗೆ ತಡೆಯಲಾಗಲಿಲ್ಲ. ನನ್ನ ಹಾಗೇ ಅದಕ್ಕೂ ಚೇಷ್ಟೆ ಜಾಸ್ತಿ. ಮೆಲ್ಲಗೆ ಹಿಂದಿನಿಂದ ಬಂತು, ಎರಡು ಗುಳಿಗೂ ಒಂದೊಂದು ಬೆರಳಿಟ್ಟು ಟಪ್ ಎಂದು ತಿವಿಯಿತು.

ಮಂಡಿ ಮಡಚಿಕೊಂಡಿತು. "ಅಯ್ಯೋ!" ಎಂದಳು ಕೆಂಪಾಜಿ. ಬಿಳಲುಗಳು ಬಿಗಿಹಿಡಿದವು. ಅವಳು ಬೀಳಲಿಲ್ಲ, ಹಿಂದಿದ್ದ ಬಂಡೆಯ ಮೇಲೆ ಮೆತ್ತಗೆ ಕೂತಳು. ಕೈಜಾರಿದ ಮಗುವೂ ನೆಲಕ್ಕೆ ಬೀಳಲಿಲ್ಲ. ಅಲ್ಲಿಯವರೆಗೆ ಲೋಕದಲ್ಲೆಲ್ಲೂ ಇಲ್ಲದಿದ್ದ ಒಂದು ಜಾಗಕ್ಕೆ ಬಂದು ಬಿತ್ತು. ಮಡಿಲಿಗೆ.

ಮಗು ಒಂದು ಸಲ ಆಕಳಿಸಿತು. ಕಣ್ಣು ಮುಚ್ಚಿತು. ಹೊಳೆ ಸದ್ದು ತಗ್ಗಿಸಿತು. ಬಿಳಲುಗಳು ಮಿಸುಕಲಿಲ್ಲ. ಗಾಳಿಯನ್ನು ಬೈಯಲು ಬಾಯಿ ತೆರೆದ ಕೆಂಪಾಜಿ, ಮಗು ಎದ್ದುಬಿಟ್ಟೀತೆಂದು ಸುಮ್ಮನಾದಳು.

ಅದಕ್ಕೇ ಇವತ್ತಿಗೂ ನೀನು ಕೂತು ಮಂಡಿಯ ಹಿಂದೆ ಕೈಯಿಟ್ಟರೆ ಎರಡೂ ಬದಿಗೆ ಗಟ್ಟಿ ಹುರಿ ಸಿಗುತ್ತವೆ, ನಡುವೆ ಗುಳಿ ಸಿಗುತ್ತದೆ; ನೆಟ್ಟಗೆ ನಿಂತಾಗ ಯಾರಾದರೂ ಹಿಂದಿನಿಂದ ಅಲ್ಲಿ ತಿವಿದರೆ ದೊಡ್ಡ ಪೈಲ್ವಾನನೂ ಕುಸಿಯುತ್ತಾನೆ; ನಿಮ್ಮಮ್ಮ ಕೂತರೆ ಮಡಿಲು ಬರುತ್ತದೆ, ಎದ್ದರೆ ಮಾಯವಾಗುತ್ತದೆ.

ಸರಿ, ನನ್ನ ಟೀ ದುಡ್ಡು ನೀನೇ ಕೊಟ್ಟು ಬಾ ಕೂಸೇ. ನಾನು ಈಗಷ್ಟೇ ಮಂಡಿ ಮಡಿಸಿ ಆರಾಮಾಗಿ ಕೂತಿದ್ದೀನಿ.