ಸಿದ್ದವ್ವನ ದೃಷ್ಟಿ

ಹೊಳೆಯಾಚೆಯ ಊರಿಗೆ ಕಣ್ಣುಬೇನೆ ಬಡಿದಿತ್ತು. ಈಚೆ ದಂಡೆಯ ಮಠದಲ್ಲಿ ಕಣ್ಣಿನ ವೈದ್ಯ ಮಾಡುತ್ತಿದ್ದ ಅಡವಯ್ಯನವರು ಅಂಜನ ಕೊಟ್ಟು ಶಿಷ್ಯ ಚನ್ನವೀರನನ್ನು ಅಲ್ಲಿಗೆ ಕಳಿಸಿದ್ದರು.

ಎಂಟನೇ ದಿನ ಅವನು ಏದುಸಿರು ಬಿಡುತ್ತ ಬಂದ.

“ಅಪ್ಪಾರ, ಬೆಳಗಾದ್ರ ಎಲ್ಲಾರೂ ಬಾಗಿಲಾಗ ಕುಂತಿರ್ತಾರ್ರಿ. ಗೀಜು ಮೆತ್ತಿ ರೆಪ್ಪಿ ಬಿಚ್ಚಂಗಿಲ್ಲ. ನಾ ಹೊಂಟ್ರ ಮುಚ್ಚಿದ ಕಣ್ಣಿಲೇನ ನನ್ನ ಕಡೆ ಮಾರಿ ತಿರುಗಿಸ್ತಾರ.”

“ಕರಿಗುಡ್ಡಿ ಹೆಂಗೈತಿ?”

“ತಿಳಿ ಐತ್ರಿ. ಬಿಳಿಭಾಗ ಅಷ್ಟ ಕೆಂಪು. ಗೌಡರ ಸೊಸಿಗೆ ಮಾತ್ರ ಕರಿಗುಡ್ಡಿ ಮ್ಯಾಲ ನುಚ್ಚಿನಂಥ ಬಿಳಿ ಚುಕ್ಕಿ ಎದ್ದೈತಿ. ಬೆಳಕು ಕಂಡ್ರ ಚೀರ್ತಾಳ.”

“ಆಕೀನ್ನ ಈಗಿಂದೀಗ ಪಟ್ಟಣದ ದವಾಖಾನಿಗೆ ಕಳಿಸು. ತಡಾ ಆದ್ರ ಆ ಕಣ್ಣು ಹೋದಂಗ.”

“ಕಳಿಸೇವ್ರಿ. ಆದ್ರ ಬ್ಯಾನಿ ಮೂಲ ಬ್ಯಾರೆ ಐತಿ.”

ಚನ್ನವೀರ ದನಿ ತಗ್ಗಿಸಿದ. ಚಾಡಿ ಹೆಂಗಸರ ಕೆಲಸ ಅಂತಾರೆ; ಇವನ ಮುಂದೆ ನಾಲ್ಕು ಹೆಂಗಸರನ್ನು ನಿವಾಳಿಸಿ ಎಸೆಯಬೇಕು.

“ಸಿದ್ದವ್ವ. ಗಂಡ ಸತ್ತು ವರ್ಷ ತುಂಬಿಲ್ಲ, ಕಿಡಕ್ಯಾಗ ಕುಂತು ಹೋಗೋರು ಬರೋರ್ನ ನೋಡ್ತಾಳ. ಆಕಿ ನೋಡಿದವರ ಕಣ್ಣು ಮರುದಿನ ಕೆಂಪು. ಇಡೀ ಊರಾಗ ಆಕೀ ಕಣ್ಣಷ್ಟ ಬೆಳ್ಳಗದಾವ್ರಿ. ಹೊತ್ತು ಮುಳುಗೋದ್ರೊಳಗ ಊರು ಬಿಡಿಸ್ತಾರ. ನೀವೂ ಹೌದು ಅಂದ್ರ ಸಾಕಂತ.”

“ಆಕಿಗೆ ಅಂಜನ ಹಚ್ಚಿದ್ಯಾ?”

“ಎಲ್ಲಿ ಹಚ್ಚಗೊಡ್ತಾಳ? ಬಾಗಿಲಾನ ತಗೀಲಿಲ್ಲ. ಸೊಕ್ಕು.”

“ಉಳಿದವರಿಗೆ?”

“ಒಂದ ಮನಿ ಬಿಟ್ಟಿಲ್ರಿ. ಬ್ಯಾನಿ ಇದ್ದವರಿಗೂ ಹಚ್ಚೀನಿ, ಬರಬಾರದಂತ ಇಲ್ಲದವರಿಗೂ ಹಚ್ಚೀನಿ.”

ಗುರುಗಳು ಅವನ ಕೈಯಲ್ಲಿದ್ದ ಬೆಳ್ಳಿ ಕಡ್ಡಿಯನ್ನು ನೋಡಿದರು.

“ಒಬ್ಬರಿಗೆ ಹಚ್ಚಿದ ಮ್ಯಾಲ ಕಡ್ಡಿ ಕುದಿನೀರಾಗ ಅದ್ದು ಅಂದಿದ್ದೆ.”

“ಮನಿಮನಿಗೆ ನೀರು ಎಲ್ಲಿ ಕುದಿಸ್ಕೋತ ಕೂಡ್ಲಿ, ಅಪ್ಪಾರ? ಧೋತರದ ಚುಂಗಿಲೆ ಒರಸ್ತಿದ್ದೆ.”

ಗುರುಗಳು ಹೊಳೆಯ ಕಡೆ ತಿರುಗಿದರು.

ಆಚೆ ದಂಡೆಗೆ ಜನ ಬರತೊಡಗಿದ್ದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಕಣ್ಣು ಮುಚ್ಚಿಕೊಂಡೇ, ಸಾಲಾಗಿ. ಒಂದು ಕೂಸು ಕೂಡ ಅಳುತ್ತಿರಲಿಲ್ಲ. ಸಾಲಿನ ಮುಂದೆ ಒಬ್ಬ ಹೆಂಗಸು, ಕೈಯಲ್ಲೊಂದು ಗಂಟು. ಅಷ್ಟು ಜನರಲ್ಲಿ ಅವಳೊಬ್ಬಳೇ ಇತ್ತ ನೋಡುತ್ತಿದ್ದಳು.

ಅಡವಯ್ಯನವರು ಮುಖ ಮೇಲೆತ್ತಿ, ಎರಡು ಬೆರಳಿಂದ ತಮ್ಮ ರೆಪ್ಪೆ ಅಗಲಿಸಿದರು.

“ಹಚ್ಚು.”

ಚನ್ನವೀರ ಕಡ್ಡಿ ಎತ್ತಿದ. ಕಣ್ಣಿನ ಹತ್ತಿರ ಹೋದ ಕೈ ಅಲ್ಲೇ ನಿಂತಿತು.

“ಯಾಕ ತಮ್ಮಾ, ಕೈ ನಿಂತಿತಲ್ಲ? ಊರಿಗೆ ತಾಗಿದ್ದು ಆಕೀ ದೃಷ್ಟಿ ಹೌದಲ್ಲೋ?”