ಹೆಬ್ಬೆರಳಿನ ದೂರು

ಕಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ನರ ಓಡಿಬಂದು ಮಿದುಳಿಗೆ ಸುದ್ದಿ ಮುಟ್ಟಿಸಿತು.

"ಇಷ್ಟಕ್ಕೆಲ್ಲ ನನ್ನ ತಲೆ ತಿನ್ನಬೇಡ" ಎಂದು ಮಿದುಳು ಗದರಿತು. ನರ ಮತ್ತೆ ಮತ್ತೆ ಬಂದರೂ ಕಿವಿಗೊಡಲಿಲ್ಲ. ಗಾಯ ಕೀವುಗಟ್ಟಿ ಬೆರಳು ಕೊಳೆಯಿತು. ಕೊನೆಗೆ ವೈದ್ಯರು ಅದನ್ನು ಕತ್ತರಿಸಿ ಒಯ್ದರು. ಸದ್ಯ, ಪೀಡೆ ತೊಲಗಿತು ಎಂದುಕೊಂಡಿತು ಮಿದುಳು.

ಮರುದಿನ ನರ ಮತ್ತೆ ಬಂತು. "ಒಡೆಯಾ, ಹೆಬ್ಬೆರಳು ಕರೆಯುತ್ತಿದೆ. ಮುಳ್ಳು ಇನ್ನೂ ಚುಚ್ಚುತ್ತಿದೆಯಂತೆ."

"ಬೆರಳೇ ಇಲ್ಲವಲ್ಲೋ!"

"ಇಲ್ಲ ಒಡೆಯಾ. ಆದರೂ ಕರೆಯುತ್ತಿದೆ."

ಅಷ್ಟರಲ್ಲಿ ಆ ನೋವು ಮಿದುಳಿಗೇ ಚುರ್ ಎಂದಿತು. ಮಿದುಳು ಕೈಯನ್ನು ಕರೆದು, "ಹೋಗಪ್ಪಾ, ಆ ಮುಳ್ಳು ಕಿತ್ತು ಬಾ" ಎಂದು ಬೇಡಿಕೊಂಡಿತು.

ಕೈ ಹೋಗಿ ಬೆರಳಿದ್ದ ಜಾಗವನ್ನು ತಡವಿತು. ಹಾಸಿಗೆಯ ಬಟ್ಟೆ ಮಾತ್ರ ಸಿಕ್ಕಿತು.

"ಯಾವುದರಿಂದ ಕೀಳಲಿ, ಒಡೆಯಾ?" ಎಂದು ಕೇಳಿತು.